ಪ್ರತಿ ಇದೆ, ತೆರೆಯುವುದು ಹೇಗೆ?

ಇಪ್ಪತ್ತು ವರ್ಷಗಳ ಹಿಂದೆ ಕಾಲೇಜುಗಳ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದವರಿಗೆ ‘ಘೋಸ್ಟ್ ಮಾಡುವುದು’ ದಿನಬಳಕೆಯ ಮಾತಾಗಿತ್ತು. ಒಂದು ಕಂಪ್ಯೂಟರಿಗೆ ವಿಂಡೋಸ್, ಬೇಕಾದ ಸಾಫ್ಟ್‌ವೇರು, ಫಾಂಟು, ಪ್ರಿಂಟರಿನ ಡ್ರೈವರು ಎಲ್ಲವನ್ನೂ ಹಾಕಿ ಸರಿಮಾಡಿ, ಆ ಹಾರ್ಡ್ ಡಿಸ್ಕಿನ ಪಡಿಯಚ್ಚನ್ನು ಉಳಿದವಕ್ಕೆಲ್ಲ ಇಳಿಸಿಬಿಟ್ಟರೆ ಒಂದು ವಾರದ ಕೆಲಸ ಒಂದು ದಿನದಲ್ಲಿ ಮುಗಿಯುತ್ತಿತ್ತು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಮರ್ರೆ ಹಸ್ಜಾರ್ಡ್ 1995ರಲ್ಲಿ ರೂಪಿಸಿದ ಈ ಘೋಸ್ಟ್, 1998ರಲ್ಲಿ ಸಿಮ್ಯಾಂಟೆಕ್ ಕಂಪನಿಯ ಪಾಲಾಯಿತು. 2003ರಲ್ಲಿ ಸಿಮ್ಯಾಂಟೆಕ್ ತನ್ನ ಪ್ರತಿಸ್ಪರ್ಧಿ ಪವರ್‌ಕ್ವೆಸ್ಟ್ ಕಂಪನಿಯನ್ನೂ ಕೊಂಡುಕೊಂಡಿತು. ಅದರ ಮರುವರ್ಷ ಬಂದ ನಾರ್ಟನ್ ಘೋಸ್ಟ್ 9ರ ಒಳಗೆ ಇದ್ದದ್ದು ಹಳೆಯ ಘೋಸ್ಟ್ ಅಲ್ಲವೇ ಅಲ್ಲ, ಪವರ್‌ಕ್ವೆಸ್ಟಿನ ಸರಕು. ಡಬ್ಬದ ಮೇಲೆ ಅದೇ ಹೆಸರು, ಆದರೆ ಅದು ಬರೆಯುವ ಬ್ಯಾಕಪ್ ಫೈಲಿನ ಬಗೆಯೇ ಬೇರೆ. 2013ರ ಏಪ್ರಿಲ್ ಕೊನೆಗೆ ನಾರ್ಟನ್ ಘೋಸ್ಟ್ ಮಾರಾಟವೂ ನಿಂತಿತು. ದೊಡ್ಡ ಸಂಸ್ಥೆಗಳಿಗೆ ಮಾರುವ ಆವೃತ್ತಿಯೊಂದು ಉಳಿದುಕೊಂಡಿತು ನಿಜ. ಸಿಡಿ ಮೇಲೆ ಪಡಿಯಚ್ಚು ತೆಗೆದು ಬೀರುವಿನಲ್ಲಿಟ್ಟುಕೊಂಡಿದ್ದ ಸಣ್ಣ ಬಳಕೆದಾರನಿಗೆ ಅದರಿಂದ ಆದ ಉಪಕಾರ ಅಷ್ಟಕ್ಕಷ್ಟೆ.

ಬ್ಯಾಕಪ್ ಬಗ್ಗೆ ನಾವು ಮಾತಾಡುವಾಗ ಎಷ್ಟು ಜಾಗ ಬೇಕು, ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಖರ್ಚು ಎಂದೇ ಕೇಳುತ್ತೇವೆ. ಹತ್ತು ವರ್ಷದ ನಂತರ ಈ ಪ್ರತಿಯನ್ನು ಯಾವ ಸಾಫ್ಟ್‌ವೇರ್ ತೆರೆಯುತ್ತದೆ, ಆ ಸಾಫ್ಟ್‌ವೇರ್ ಆಗ ಯಾರ ಕೈಯಲ್ಲಿರುತ್ತದೆ ಎಂದು ಕೇಳುವವರು ಕಡಿಮೆ. ಬ್ಯಾಕಪ್ ಎಂಬುದು ತೆಗೆದುಕೊಂಡ ದಿನ ಉಪಯೋಗಕ್ಕೆ ಬರುವ ವಸ್ತುವೇ ಅಲ್ಲ. ಯಾವತ್ತೋ ಒಂದು ಕೆಟ್ಟ ದಿನ, ಆಗ ಸಿಕ್ಕ ಬೇರೊಂದು ಕಂಪ್ಯೂಟರಿನಲ್ಲಿ, ಪ್ರಾಯಶಃ ಬೇರೆ ಯಾರೋ ಅದನ್ನು ತೆರೆಯಬೇಕಾಗುತ್ತದೆ. ಹಾಗಿರುವಾಗ ಆ ಪ್ರತಿಯನ್ನು ಬರೆಯುವ ಬಗೆ ಯಾರಿಗೂ ಗುಟ್ಟಾಗಿರಬಾರದು, ತೆರೆಯುವ ಸಾಧನ ಒಂದು ಕಂಪನಿಯ ಮರ್ಜಿಗೆ ಕಟ್ಟುಬಿದ್ದಿರಬಾರದು. ಡಿಸ್ಕ್ ಕ್ಲೋನಿಂಗ್ ಮತ್ತು ಬ್ಯಾಕಪ್‌ಗೆ ಮೂಲ ಕೋಡು ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಳ್ಳಬೇಕು ಎನ್ನಲು ನನಗೆ ಕಾಣುವ ಮುಖ್ಯ ಕಾರಣ ಇದು. ದುಡ್ಡು ಕೊಡಬೇಕಿಲ್ಲ ಎಂಬುದು ಕೊನೆಯ ಕಾರಣ.

ಮೊದಲು ಯಾವುದಕ್ಕೆ ಏನೆನ್ನುತ್ತಾರೆ ಎಂಬುದನ್ನು ಬಿಡಿಸಿಕೊಳ್ಳೋಣ. ಒಂದು ಡಿಸ್ಕಿನಲ್ಲಿರುವುದನ್ನೆಲ್ಲ ನೇರವಾಗಿ ಇನ್ನೊಂದು ಡಿಸ್ಕಿಗೆ ಇಳಿಸುವುದು ಕ್ಲೋನ್. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರೆ ಕಂಪ್ಯೂಟರು ಏನೂ ಆಗಿಲ್ಲವೆಂಬಂತೆ ಶುರುವಾಗುತ್ತದೆ. ಅದೇ ಪಡಿಯಚ್ಚನ್ನು ಕುಗ್ಗಿಸಿ ಫೈಲುಗಳ ರೂಪದಲ್ಲಿ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಇಟ್ಟುಕೊಂಡರೆ ಅದು ಇಮೇಜ್. ನಮ್ಮ ಫೋಟೊ, ಲೆಕ್ಕಪತ್ರ, ಬರಹಗಳನ್ನು ಮಾತ್ರ ಬೇರೆಡೆ ನಕಲು ಮಾಡಿಡುವುದು ಫೈಲ್ ಬ್ಯಾಕಪ್. ಯುನಿಕ್ಸ್ ಕಾಲದ ‘ಡಿಡಿ’ ಎಂಬ ಪುಟ್ಟ ಆಜ್ಞೆ ಡಿಸ್ಕಿನ ಮೊದಲ ಬೈಟಿನಿಂದ ಕೊನೆಯ ಬೈಟಿನ ತನಕ ಕಣ್ಣು ಮುಚ್ಚಿಕೊಂಡು ನಕಲು ಮಾಡುತ್ತದೆ. 500 ಗಿಗಾಬೈಟ್ ಡಿಸ್ಕಿನಲ್ಲಿ ತುಂಬಿರುವುದು ಬರೀ 80 ಗಿಗಾಬೈಟ್ ಆದರೂ ಅದಕ್ಕೆ 500ನ್ನೂ ಓದಿದ ಹೊರತು ಸಮಾಧಾನವಿಲ್ಲ. ಪಾರ್ಟ್‌ಕ್ಲೋನ್‌ನಂತಹ ಸಾಧನ ಹಾಗಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿರುವ ಪುಟಗಳನ್ನಷ್ಟೇ ಜೆರಾಕ್ಸ್ ಮಾಡಿ ಖಾಲಿ ಪುಟಗಳ ಲೆಕ್ಕವನ್ನು ಬದಿಯಲ್ಲಿ ಗುರುತು ಹಾಕಿಕೊಂಡಂತೆ, ಅದು ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಬಗೆ) ಯಾವುದೆಂದು ತಿಳಿದು ಬಳಕೆಯಲ್ಲಿರುವ ಭಾಗವನ್ನು ಮಾತ್ರ ಎತ್ತಿಕೊಳ್ಳುತ್ತದೆ. ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ 500 ಗಿಗಾಬೈಟ್ ನಕಲಿಗೆ ಒಂದೂಕಾಲು ಗಂಟೆ ದಾಟುತ್ತದೆ, 80ಕ್ಕೆ ಹದಿನೈದು ನಿಮಿಷವೂ ಬೇಡ. ಹಳೆಯ ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದರೆ ಮಾತ್ರ ಈ ಲೆಕ್ಕವೆಲ್ಲ ಮೂರು ಪಟ್ಟಾಗುತ್ತದೆ.

ಮನೆಯ ಕಂಪ್ಯೂಟರಿಗೆ ಇಮೇಜ್ ಯಾಕೆ, ವಿಂಡೋಸ್ ಹೊಸದಾಗಿ ಹಾಕಿಸಿದರಾಯಿತಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಬ್ರೌಸರು, ಇಮೇಲು, ನಾಲ್ಕು ಸಿನಿಮಾ ಇರುವ ಲ್ಯಾಪ್‌ಟಾಪಿಗೆ ಫೈಲ್ ಬ್ಯಾಕಪ್ ಇದ್ದರೆ ಧಾರಾಳ ಸಾಕು. ಆದರೆ ಫೈಲಿಗಿಂತ ಯಂತ್ರವೇ ಹೆಚ್ಚು ಬೆಲೆಬಾಳುವ ಜಾಗಗಳಿವೆ. ಕರ್ನಾಟಕದ ಯಾವುದೇ ತಾಲ್ಲೂಕು ಪೇಟೆಯ ಡಿಟಿಪಿ ಅಂಗಡಿಯನ್ನೋ ಮುದ್ರಣಾಲಯವನ್ನೋ ನೋಡಿ. ಲಗ್ನಪತ್ರಿಕೆ, ಸಂಘದ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಕವನ ಸಂಕಲನ ಎಲ್ಲವೂ ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ ಫೈಲುಗಳಲ್ಲಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದನ್ನು ತಂದ ಕಂಪನಿಯದೇ ಇನ್‌ಡಿಸೈನ್ ತಂತ್ರಾಂಶ ಸಿಎಸ್6 ಆವೃತ್ತಿಯ ತನಕ ಆ ಫೈಲುಗಳನ್ನು ತೆರೆಯುತ್ತಿತ್ತು, ಆಮೇಲಿನವು ತೆರೆಯುವುದಿಲ್ಲ. ಅಕ್ಷರಗಳು ಯುನಿಕೋಡ್ ಪೂರ್ವದ ನುಡಿ, ಬರಹ ಅಥವಾ ಶ್ರೀಲಿಪಿ ಫಾಂಟುಗಳಲ್ಲಿವೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅದೇ ಬರಹ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಪುಟವಿನ್ಯಾಸಕ್ಕೆ, ಒತ್ತಕ್ಷರ ಕೂರಿಸಿದ ಕುಸುರಿಗೆ ಅವು ಒದಗಿಬರುವುದಿಲ್ಲ. ಇಂಥ ಅಂಗಡಿಯಲ್ಲಿ ಫೈಲುಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡರೆ ಉಳಿಯುವುದು ತೆರೆಯಲಾಗದ ಫೈಲುಗಳ ರಾಶಿ. ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ಫಾಂಟು, ಕೀಬೋರ್ಡ್ ಡ್ರೈವರು ಎಲ್ಲವೂ ಕೂಡಿದ ಆ ಡಿಸ್ಕನ್ನು ಇಡಿಯಾಗಿ ಇಮೇಜ್ ತೆಗೆದಿಟ್ಟರೆ ಮಾತ್ರ ಅಲ್ಲಿನ ಕೆಲಸ ಉಳಿದೀತು. ಮುಂದೆ ಹಳೆಯ ಯಂತ್ರ ಸಿಗದೇ ಹೋದಾಗ ಆ ಇಮೇಜನ್ನು ವರ್ಚುಯಲ್‌ಬಾಕ್ಸ್‌ನಂತಹ ಮುಕ್ತ ತಂತ್ರಾಂಶದೊಳಗೆ ಇಳಿಸಿ ಓಡಿಸುವ ದಾರಿಯೂ ಇದೆ. ಒಂದು ಎಚ್ಚರಿಕೆ: ಶ್ರೀಲಿಪಿಯ ಬೀಗದಂತಿರುವ ಡಾಂಗಲ್ ಕ್ಲೋನ್ ಆಗುವುದಿಲ್ಲ, ಅದನ್ನು ಜೋಪಾನವಾಗಿಡಬೇಕು. ರಕ್ತಪರೀಕ್ಷೆಯ ಲ್ಯಾಬಿನ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರು, ಲಾರಿ ತೂಕದ ಕಟ್ಟೆಯ ಕಂಪ್ಯೂಟರು ಇವೂ ಇದೇ ಜಾತಿಗೆ ಸೇರಿದವು. ಸಾಫ್ಟ್‌ವೇರ್ ಹಾಕಿಕೊಟ್ಟವರ ಫೋನ್ ನಂಬರೂ ಈಗ ಚಾಲ್ತಿಯಲ್ಲಿರುವುದಿಲ್ಲ.

ನಮ್ಮ ಡಿಸ್ಕು ಚೆನ್ನಾಗಿಯೇ ಇದೆ, ಕೆಡುವ ಮುನ್ನ ಸದ್ದು ಮಾಡಿ ತಿಳಿಸುತ್ತದೆ ಎಂಬ ಭರವಸೆ ಹಲವರದು. 2007ರಲ್ಲಿ ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಡಿಸ್ಕುಗಳು ತಮ್ಮ ಆರೋಗ್ಯವನ್ನು ತಾವೇ ವರದಿ ಮಾಡುವ ‘ಸ್ಮಾರ್ಟ್’ ಎಂಬ ವ್ಯವಸ್ಥೆಯ ನಾಲ್ಕು ಪ್ರಬಲ ಸೂಚನೆಗಳನ್ನು ತೆಗೆದುಕೊಂಡರೂ, ಸತ್ತ ಡಿಸ್ಕುಗಳ ಪೈಕಿ ಶೇ 56ಕ್ಕೂ ಹೆಚ್ಚು ಆ ನಾಲ್ಕರಲ್ಲಿ ಒಂದನ್ನೂ ತೋರಿಸದೆಯೇ ಸತ್ತಿದ್ದವು. ಅದೇ ವರ್ಷ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶ್ರೋಡರ್ ಮತ್ತು ಗಿಬ್ಸನ್ ಸರಿಸುಮಾರು ಅಷ್ಟೇ ಡಿಸ್ಕುಗಳ ದಾಖಲೆ ನೋಡಿದರು. ತಯಾರಕರ ಲೆಕ್ಕದ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ ಶೇ 0.88ರಷ್ಟು ಕೆಡಬೇಕು, ನಿಜವಾಗಿ ಬದಲಾಯಿಸಬೇಕಾಗಿ ಬಂದದ್ದು ಸಾಮಾನ್ಯವಾಗಿ ಶೇ 2ರಿಂದ 4. ಎಸ್‌ಎಸ್‌ಡಿ ಬಂದ ಮೇಲೆ ತಿರುಗುವ ತಟ್ಟೆಯೇನೋ ಹೋಯಿತು, ಆದರೆ ಅದರ ಜೊತೆ ಒಂದು ಅನುಕೂಲವೂ ಹೋಯಿತು. ಹಳೆಯ ಡಿಸ್ಕಿನಲ್ಲಿ ಅಳಿಸಿದ ಫೈಲು ಅದರ ಮೇಲೆ ಇನ್ನೊಂದು ಕೂರುವ ತನಕ ಒಳಗೇ ಇರುತ್ತಿತ್ತು, ಫೋಟೊರೆಕ್‌ನಂತಹ ಸಾಧನದಿಂದ ಕೆದಕಿ ತೆಗೆಯಬಹುದಾಗಿತ್ತು. ಎಸ್‌ಎಸ್‌ಡಿಯಲ್ಲಿ ಬಿಟ್ಟ ಜಾಗವನ್ನು ಖಾಲಿ ಮಾಡಿಸುವ ‘ಟ್ರಿಮ್’ ಆಜ್ಞೆ ಓಡಿದ ಮೇಲೆ ಅಳಿಸಿದ್ದು ಅಳಿಸಿದ್ದೇ. ವೇಗದ ಡಿಸ್ಕಿಗೆ ಬದಲಾದವರಿಗೆ ಬ್ಯಾಕಪ್ಪಿನ ಅಗತ್ಯ ಮೊದಲಿಗಿಂತ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಈಗ ಮುಕ್ತ ತಂತ್ರಾಂಶದ ಕಡೆಗೆ ಬರೋಣ. ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕ್ಲೋನ್‌ಝಿಲ್ಲಾ. ತೈವಾನ್ ದೇಶದ ರಾಷ್ಟ್ರೀಯ ಉನ್ನತ ಸಾಮರ್ಥ್ಯದ ಗಣಕ ಕೇಂದ್ರದಲ್ಲಿ ಸ್ಟೀವನ್ ಶಿಯಾವ್ ಮತ್ತು ಸಂಗಡಿಗರು ಬೆಳೆಸಿದ್ದು. ಪೆನ್‌ಡ್ರೈವಿಗೆ ಹಾಕಿಕೊಂಡು ಅದರಿಂದಲೇ ಕಂಪ್ಯೂಟರ್ ಶುರುಮಾಡಿದರೆ ಪುಟ್ಟ ಲಿನಕ್ಸ್ ಒಂದು ಎದ್ದು ಕೂರುತ್ತದೆ. ಒಳಗಿನ ಡಿಸ್ಕು ಆಗ ನಿದ್ದೆಯಲ್ಲಿರುವುದರಿಂದ ನಿರಾತಂಕವಾಗಿ ನಕಲು ತೆಗೆಯಬಹುದು. ಅದು ತೆಗೆದ ಇಮೇಜ್ ಹೇಗಿರುತ್ತದೆ ಎಂದು ಒಮ್ಮೆ ಬಿಚ್ಚಿ ನೋಡಿದರೆ ನನ್ನ ವಾದದ ಬಹುಪಾಲು ಅಲ್ಲೇ ಸಿಗುತ್ತದೆ. ಅದೊಂದು ಸಾಮಾನ್ಯ ಫೋಲ್ಡರು. ಒಳಗೆ ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದಾದ ಸಣ್ಣ ಫೈಲುಗಳು: ಒಂದರಲ್ಲಿ ಡಿಸ್ಕಿನ ಹೆಸರು, ಒಂದರಲ್ಲಿ ಪಾರ್ಟಿಷನ್‌ಗಳ (ಡಿಸ್ಕನ್ನು ಪಾಲು ಮಾಡಿದ ಭಾಗಗಳ) ಪಟ್ಟಿ, ಮತ್ತೊಂದರಲ್ಲಿ ಪ್ರತಿ ಪಾರ್ಟಿಷನ್ ಎಲ್ಲಿ ಶುರುವಾಗಿ ಎಷ್ಟು ಉದ್ದವಿದೆ ಎಂಬ ಕೋಷ್ಟಕ, ಇನ್ನೊಂದರಲ್ಲಿ ಆ ಯಂತ್ರದ ಬಿಡಿಭಾಗಗಳ ವಿವರ. ಆಮೇಲೆ ಬರುತ್ತವೆ ದಪ್ಪ ಫೈಲುಗಳು. ಅವುಗಳ ಹೆಸರನ್ನು ಎಡದಿಂದ ಬಲಕ್ಕೆ ಓದಿದರೆ ಯಾವ ಡಿಸ್ಕಿನ ಎಷ್ಟನೆಯ ಪಾರ್ಟಿಷನ್, ಯಾವ ಫೈಲ್ ಸಿಸ್ಟಂ, ಯಾವ ಸಾಧನದಿಂದ ತೆಗೆದದ್ದು, ಯಾವ ವಿಧಾನದಿಂದ ಕುಗ್ಗಿಸಿದ್ದು ಎಲ್ಲವೂ ಅಲ್ಲೇ ಇರುತ್ತದೆ. ಕೊನೆಗೆ ‘ಎಎ’, ‘ಎಬಿ’, ‘ಎಸಿ’ ಎಂದು ತುಂಡುಗಳ ಕ್ರಮ. ನಾಳೆ ಕ್ಲೋನ್‌ಝಿಲ್ಲಾ ಎಂಬುದೇ ಇಲ್ಲವಾದರೂ ಚಿಂತೆಯಿಲ್ಲ. ತುಂಡುಗಳನ್ನು ಕ್ರಮವಾಗಿ ಜೋಡಿಸುವ ಒಂದು ಆಜ್ಞೆ, ಕುಗ್ಗಿಸಿದ್ದನ್ನು ಬಿಡಿಸುವ ಒಂದು ಆಜ್ಞೆ, ಪಾರ್ಟ್‌ಕ್ಲೋನ್ ಆಜ್ಞೆ ಒಂದು. ಈ ಮೂರನ್ನು ಒಂದೇ ಸಾಲಿನಲ್ಲಿ ಪೋಣಿಸಿದರೆ ಲಿನಕ್ಸ್ ಬಲ್ಲ ಯಾರು ಬೇಕಾದರೂ ಡಿಸ್ಕನ್ನು ಮರಳಿ ಪಡೆಯಬಹುದು. ಇಲ್ಲಿ ಗುಟ್ಟು ಎಂಬುದೇ ಇಲ್ಲ.

ಬೆಲೆಯಿಲ್ಲದೆ ಕೊಡುವ ಸಾಫ್ಟ್‌ವೇರೆಲ್ಲ ಹೀಗಿರುವುದಿಲ್ಲ. ಬ್ರಿಟಿಷ್ ಕಂಪನಿಯೊಂದರ ಮ್ಯಾಕ್ರಿಯಂ ರಿಫ್ಲೆಕ್ಟ್ ಎಂಬ ಉತ್ಪನ್ನದ ಉಚಿತ ಆವೃತ್ತಿ ವಿಂಡೋಸ್ ಬಳಕೆದಾರರಿಗೆ ಅಚ್ಚುಮೆಚ್ಚಾಗಿತ್ತು, ಕೆಲಸವೂ ಅಚ್ಚುಕಟ್ಟು. ಆ ಉಚಿತ ಆವೃತ್ತಿಯನ್ನು ನಿಲ್ಲಿಸುವುದಾಗಿ ಕಂಪನಿ ತಿಳಿಸಿತು, 2024ರ ಜನವರಿ 1ಕ್ಕೆ ಅದರ ಸುರಕ್ಷತಾ ಅಪ್‌ಡೇಟುಗಳೂ ಕೊನೆಗೊಂಡವು. ಕಂಪನಿಯನ್ನು ದೂರುವ ಹಾಗಿಲ್ಲ. ಅದು ಅವರ ವ್ಯಾಪಾರ. ಇದರ ಪಕ್ಕದಲ್ಲಿ ರಿಡೂ ಬ್ಯಾಕಪ್ ಎಂಬ ಮುಕ್ತ ತಂತ್ರಾಂಶದ ಕಥೆಯನ್ನು ಇಟ್ಟು ನೋಡಿ. 2012ರ ನಂತರ ಅದರ ಕೆಲಸ ವರ್ಷಗಟ್ಟಲೆ ನಿಂತೇಹೋಗಿತ್ತು. ಆದರೆ ಮೂಲ ಕೋಡು ಎಲ್ಲರ ಕೈಗೂ ಸಿಗುವಂತಿದ್ದುದರಿಂದ ಬೇರೊಬ್ಬರು ಅದನ್ನೆತ್ತಿಕೊಂಡು ರೆಸ್ಕ್ಯೂಝಿಲ್ಲಾ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಇವತ್ತಿನ ರೆಸ್ಕ್ಯೂಝಿಲ್ಲಾ ಆ ಹಳೆಯ ರಿಡೂ ಇಮೇಜುಗಳನ್ನೂ ತೆರೆಯುತ್ತದೆ, ಕ್ಲೋನ್‌ಝಿಲ್ಲಾದ ಇಮೇಜುಗಳನ್ನೂ ತೆರೆಯುತ್ತದೆ. ಎರಡೂ ಕಡೆ ಕೆಲಸ ನಿಂತಿತು ಎಂಬುದು ಸಮಾನ. ಒಂದು ಕಡೆ ಬಳಕೆದಾರ ಹಣ ಕೊಡಬೇಕು ಅಥವಾ ಹಳೆಯ ಆವೃತ್ತಿಗೆ ಅಂಟಿಕೊಂಡಿರಬೇಕು, ಇನ್ನೊಂದು ಕಡೆ ಅವನ ಪ್ರತಿಗೆ ಹೊಸ ವಾರಸುದಾರ ಸಿಕ್ಕಿದ.

ಇದೆಲ್ಲ ಸರಿ, ಆದರೆ ಆ ನೀಲಿ ಬೂದು ಪರದೆಯ ಕ್ಲೋನ್‌ಝಿಲ್ಲಾ ಸಾಮಾನ್ಯರಿಗೆ ಆಗುವಂಥದ್ದೇ, ಒಂದು ತಪ್ಪು ಒತ್ತಿದರೆ ಇದ್ದದ್ದೂ ಹೋಗುವುದಿಲ್ಲವೇ ಎಂಬ ಆಕ್ಷೇಪಣೆ ಬರುತ್ತದೆ. ಹೋಗುತ್ತದೆ. ಇದನ್ನು ಮೃದುಮಾಡಿ ಹೇಳುವುದು ತಪ್ಪಾದೀತು. ಮೌಸಿಲ್ಲದೆ ಬಾಣದ ಕೀಲಿಗಳಲ್ಲೇ ಓಡಾಡಬೇಕಾದ ಮೆನು ಅದು. ಸಿ ಡ್ರೈವ್, ಡಿ ಡ್ರೈವ್ ಎಂಬ ಪರಿಚಿತ ಹೆಸರುಗಳು ಅಲ್ಲಿಲ್ಲ. ‘ಎಸ್‌ಡಿಎ’, ‘ಎಸ್‌ಡಿಬಿ’ ಎಂದು ಡಿಸ್ಕುಗಳನ್ನು ತೋರಿಸುತ್ತದೆ. ಯಾವುದರಿಂದ ಯಾವುದಕ್ಕೆ ಎಂಬುದನ್ನು ಅದಲುಬದಲು ಮಾಡಿದರೆ ಹೊಸ ಖಾಲಿ ಡಿಸ್ಕು ಹಳೆಯ ತುಂಬಿದ ಡಿಸ್ಕಿನ ಮೇಲೆ ಬರೆಯಲ್ಪಟ್ಟು ಎರಡೂ ಖಾಲಿಯಾಗುತ್ತವೆ. ಆದರೆ ಈ ಅಪಾಯ ದುಡ್ಡಿನ ಸಾಫ್ಟ್‌ವೇರಿನಲ್ಲೂ ಇದೆ, ಅಲ್ಲಿ ಚಿತ್ರ ಚೆನ್ನಾಗಿರುತ್ತದೆ ಅಷ್ಟೆ. ಕ್ಲೋನ್‌ಝಿಲ್ಲಾ ಪ್ರತಿ ಡಿಸ್ಕಿನ ಪಕ್ಕದಲ್ಲಿ ಅಳತೆ ಮತ್ತು ಮಾಡೆಲ್ಲನ್ನು ತೋರಿಸುತ್ತದೆ, ಬರೆಯುವ ಮುನ್ನ ನಿಲ್ಲಿಸಿ ಎರಡು ಬಾರಿ ಒಪ್ಪಿಗೆ ಕೇಳುತ್ತದೆ. ಶುರುಮಾಡುವ ಮೊದಲೇ ಎರಡೂ ಡಿಸ್ಕಿನ ಮಾಡೆಲ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಪರದೆಯ ಮೇಲಿನದನ್ನು ಅದಕ್ಕೆ ತಾಳೆ ನೋಡುವುದು ಸುಲಭದ ರಕ್ಷಣೆ. ನೇರ ಕ್ಲೋನ್ ಮಾಡುವ ಬದಲು ಮೊದಲು ಎಕ್ಸ್‌ಟರ್ನಲ್ ಡಿಸ್ಕಿಗೆ ಇಮೇಜ್ ತೆಗೆದು, ಆ ಇಮೇಜನ್ನು ಹೊಸ ಡಿಸ್ಕಿಗೆ ಇಳಿಸುವುದು ಇನ್ನೂ ಕ್ಷೇಮ. ಹೊತ್ತು ಎರಡರಷ್ಟು ಹಿಡಿಯುತ್ತದೆ, ತಪ್ಪಾದರೆ ಮರಳಲು ದಾರಿ ಇರುತ್ತದೆ. ಮೆನು ಕಂಡರೇ ದಿಗಿಲಾಗುವವರಿಗೆ ಮೌಸು ಹಿಡಿದು ಕೆಲಸ ಮಾಡುವ ರೆಸ್ಕ್ಯೂಝಿಲ್ಲಾ ಇದ್ದೇ ಇದೆ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಹಳೆಯ 500 ಗಿಗಾಬೈಟ್ ಹಾರ್ಡ್ ಡಿಸ್ಕನ್ನು ತೆಗೆದು ಅಂಗಡಿಯಿಂದ 480 ಗಿಗಾಬೈಟಿನ ಎಸ್‌ಎಸ್‌ಡಿ ತರುತ್ತಾರೆ. ತುಂಬಿರುವುದು ನೂರು ಗಿಗಾಬೈಟ್ ಇದ್ದರೂ ಕ್ಲೋನ್‌ಝಿಲ್ಲಾ ಒಪ್ಪುವುದಿಲ್ಲ. ಇಳಿಸುವ ಡಿಸ್ಕು ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು ಎಂಬುದು ಅದರ ನಿಯಮ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೋ ಜಿಪಾರ್ಟೆಡ್ ಎಂಬ ಮುಕ್ತ ಸಾಧನದಲ್ಲೋ ಕೊನೆಯ ಪಾರ್ಟಿಷನ್ನನ್ನು ಮೊದಲೇ ಕುಗ್ಗಿಸಿಕೊಂಡು, ಕ್ಲೋನ್‌ಝಿಲ್ಲಾದ ಪರಿಣತರ ಮೆನುವಿನಲ್ಲಿ ಅಳತೆಯ ತಪಾಸಣೆಯನ್ನು ಬಿಡಿಸಿ ಮುಂದುವರಿಯಬಹುದು. ಇದಕ್ಕೆ ತಾಳ್ಮೆ ಇಲ್ಲದವರು 512 ಗಿಗಾಬೈಟಿನದನ್ನೇ ಕೊಳ್ಳುವುದು ಜಾಣತನ. ವಿಂಡೋಸ್ 8ರಿಂದೀಚೆಗೆ ಬಂದ ‘ಫಾಸ್ಟ್ ಸ್ಟಾರ್ಟಪ್’ ಇನ್ನೊಂದು ತೊಡಕು. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಡಿಸ್ಕು ಅರ್ಧ ತೆರೆದ ಸ್ಥಿತಿಯಲ್ಲೇ ಇರುತ್ತದೆ, ನಕಲು ತೆಗೆಯುವ ಸಾಧನ ತಕರಾರು ಮಾಡುತ್ತದೆ. ಶಿಫ್ಟ್ ಕೀಲಿ ಹಿಡಿದು ಶಟ್‌ಡೌನ್ ಒತ್ತಿದರೆ, ಇಲ್ಲವೇ ರೀಸ್ಟಾರ್ಟ್ ಮಾಡಿ ಅಲ್ಲಿಂದಲೇ ಪೆನ್‌ಡ್ರೈವಿಗೆ ಹೋದರೆ ಮುಗಿಯಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಹೇಳದೆ ಕೇಳದೆ ಚಾಲೂ ಆಗಿರುವ ಡಿಸ್ಕ್ ಗೂಢಲಿಪೀಕರಣ, ಅಂದರೆ ಬಿಟ್‌ಲಾಕರ್, ಇವೆರಡಕ್ಕಿಂತ ತೂಕದ ವಿಷಯ. ಒಳಗಿನದು ಅರ್ಥವಾಗದ ಕಾರಣ ಸಾಧನ ಖಾಲಿ ಜಾಗವನ್ನೂ ಸೇರಿಸಿ ಎಲ್ಲವನ್ನೂ ನಕಲು ಮಾಡುತ್ತದೆ. ಅದು ಕುಗ್ಗುವುದೂ ಇಲ್ಲ. ಆ 48 ಅಂಕಿಗಳ ರಿಕವರಿ ಕೀ ನಿಮ್ಮ ಬಳಿ ಇಲ್ಲದಿದ್ದರೆ ಇಮೇಜ್ ಇದ್ದೂ ಇಲ್ಲದಂತೆ. ಕೆಲಸಕ್ಕೆ ಕೈಹಾಕುವ ಮುನ್ನ ಆ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತೆಗೆಸಿ.

ಡಿಸ್ಕು ಈಗಾಗಲೇ ಕಟಕಟ ಎನ್ನುತ್ತಿದ್ದರೆ ಕ್ಲೋನ್‌ಝಿಲ್ಲಾದ ಗೊಡವೆಗೇ ಹೋಗಬೇಡಿ. ಅದಕ್ಕಿರುವುದು ಜಿಎನ್‌ಯು ಡಿಡಿರೆಸ್ಕ್ಯೂ. ಕೆಟ್ಟ ಜಾಗ ಎದುರಾದರೆ ಅಲ್ಲೇ ಜಗ್ಗಾಡುತ್ತ ಕೂರದೆ ಮುಂದಕ್ಕೆ ಹಾರಿ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಬಿಟ್ಟ ಜಾಗಗಳ ನಕ್ಷೆಯನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಆಮೇಲೆ ಅವುಗಳತ್ತ ತಿರುಗುತ್ತದೆ. ನಡುವೆ ಕರೆಂಟು ಹೋದರೂ ನಕ್ಷೆ ನೋಡಿಕೊಂಡು ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಸಾಯುತ್ತಿರುವ ಡಿಸ್ಕಿಗೆ ಉಳಿದಿರುವ ಆಯುಸ್ಸನ್ನು ಹೀಗೆ ಲೆಕ್ಕ ಹಾಕಿ ಖರ್ಚು ಮಾಡುವ ಸಾಧನ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದು.

ಎಲ್ಲವೂ ಕ್ಲೌಡಿನಲ್ಲಿರುವಾಗ ಈ ಪಡಿಪಾಟಲು ಯಾಕೆ ಎನ್ನುವವರಿದ್ದಾರೆ. ಕ್ಲೌಡು ಒಂದು ಒಳ್ಳೆಯ ಎರಡನೆಯ ಜಾಗ. ಅದನ್ನು ಬಿಡಿ ಎಂದು ಹೇಳುವ ಕಾರಣವಿಲ್ಲ. ಆದರೆ ಗೂಗಲ್ ಡ್ರೈವಿನಂಥವು ಮಾಡುವುದು ಹೊಂದಾಣಿಕೆ: ಇಲ್ಲಿ ಫೈಲು ಅಳಿಸಿದರೆ ಅಲ್ಲೂ ಅಳಿಯುತ್ತದೆ, ಕಸದಬುಟ್ಟಿಯಲ್ಲಿ 30 ದಿನ ಇದ್ದು ಹೋಗುತ್ತದೆ. ಇಲ್ಲಿ ರ‍್ಯಾನ್ಸಮ್‌ವೇರ್ ಹೊಕ್ಕು ಫೈಲುಗಳಿಗೆ ಬೀಗ ಜಡಿದರೆ ಬೀಗ ಜಡಿದ ಫೈಲುಗಳೇ ಅಲ್ಲಿಗೂ ಹೋಗಿ ಕೂರುತ್ತವೆ. ಇಡೀ ಯಂತ್ರವನ್ನು ಅದು ಮರಳಿಸುವುದಿಲ್ಲ. ಗಾತ್ರದ ಪ್ರಶ್ನೆಯೂ ಇದೆ: ಸೆಕೆಂಡಿಗೆ 50 ಮೆಗಾಬಿಟ್ ವೇಗದ ಸಂಪರ್ಕ ಎಡೆಬಿಡದೆ ಓಡಿದರೂ 500 ಗಿಗಾಬೈಟ್ ಇಳಿಸಿಕೊಳ್ಳಲು 22 ಗಂಟೆ. ಕ್ಲೌಡ್ ಎಂದರೂ ಅದು ಎಲ್ಲೋ ಒಂದು ಕಟ್ಟಡದಲ್ಲಿರುವ ಡಿಸ್ಕುಗಳೇ ತಾನೆ? 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರಿ ದತ್ತಾಂಶ ಕೇಂದ್ರದ ಬ್ಯಾಟರಿಗೆ ಬೆಂಕಿ ಬಿದ್ದಾಗ, ಆ ದೇಶದ ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಸರ್ಕಾರಿ ಕ್ಲೌಡ್ ಸುಟ್ಟುಹೋಯಿತು. 858 ಟೆರಾಬೈಟ್. ಬೇರೆಡೆ ಪ್ರತಿ ಇರಲಿಲ್ಲ. ಇಷ್ಟು ದೊಡ್ಡದಕ್ಕೆ ಬ್ಯಾಕಪ್ ಕಷ್ಟ ಎಂಬುದು ಕೊಟ್ಟ ವಿವರಣೆ. ತಂತ್ರಜ್ಞಾನದಲ್ಲಿ ಜಗತ್ತಿಗೇ ಮುಂದಿರುವ ದೇಶದ ಸರ್ಕಾರವೇ ಹೀಗೆ ಮಾಡಬಹುದಾದರೆ, ನಮ್ಮ ಫೈಲು ಇನ್ನೊಬ್ಬರ ಬಳಿ ಕ್ಷೇಮವಾಗಿದೆ ಎಂದು ಸುಮ್ಮನೆ ನಂಬುವುದಕ್ಕೆ ಆಧಾರವೇನು?

ಕ್ಲೋನಿಗೂ ಅದರದೇ ಮಿತಿಗಳಿವೆ, ಅದರ ಅಭಿಮಾನಿಗಳು ಮರೆಯುವ ಮಿತಿಗಳು. ವೈರಸ್ ಇದ್ದರೆ ವೈರಸ್ಸನ್ನೂ ಸೇರಿಸಿ ಅದು ನಕಲು ಮಾಡುತ್ತದೆ. ಹೋದ ತಿಂಗಳು ತಪ್ಪಾಗಿ ಅಳಿಸಿದ ಲೆಕ್ಕ ನಿನ್ನೆಯ ಕ್ಲೋನಿನಲ್ಲಿ ಸಿಗುವುದಿಲ್ಲ. ಬದಲಾದ ಭಾಗವನ್ನಷ್ಟೇ ಸೇರಿಸುತ್ತ ಹೋಗುವ ಸೌಲಭ್ಯ ಕ್ಲೋನ್‌ಝಿಲ್ಲಾದಲ್ಲಿ ಇಲ್ಲ, ಪ್ರತಿ ಬಾರಿಯೂ ಪೂರ್ತಿ ತೆಗೆಯಬೇಕು. ಕಂಪ್ಯೂಟರ್ ಓಡುತ್ತಿರುವಾಗ ತೆಗೆಯುವಂತೆಯೂ ಇಲ್ಲ. ಹಾಗಾಗಿ ಇಮೇಜನ್ನು ವರ್ಷಕ್ಕೆ ಒಂದೆರಡು ಸಲ, ದೊಡ್ಡ ಬದಲಾವಣೆಗೆ ಮುಂಚೆ ತೆಗೆದು, ದಿನನಿತ್ಯದ ಫೈಲುಗಳನ್ನು ರೆಸ್ಟಿಕ್, ಬೋರ್ಗ್‌ನಂತಹ ಮುಕ್ತ ತಂತ್ರಾಂಶಗಳಿಗೆ ಒಪ್ಪಿಸುವುದು ಸರಿಯಾದ ಹಂಚಿಕೆ. ಇವು ಒಂದೇ ತುಣುಕನ್ನು ಎರಡು ಬಾರಿ ಇಡುವುದಿಲ್ಲ, ಹಾಗಾಗಿ ತಾರೀಕುವಾರು ನೂರಾರು ಪ್ರತಿ ಇಟ್ಟರೂ ಜಾಗ ಹೆಚ್ಚು ತಿನ್ನುವುದಿಲ್ಲ. ಗೂಢಲಿಪಿಯಲ್ಲಿ ಬರೆಯುವುದರಿಂದ ಕ್ಲೌಡಿಗೆ ಕಳಿಸಿದರೂ ಅಲ್ಲಿನವರು ಓದಲಾರರು. ಪಾಸ್‌ವರ್ಡ್ ಮರೆತರೆ ನೀವೂ ಓದಲಾರಿರಿ, ಅದು ಬೇರೆ ಮಾತು. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಇವತ್ತಿಗೂ ಸಾಕು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ.

ತಪ್ಪಾದರೆ ಯಾರನ್ನು ಕೇಳುವುದು, ಮುಕ್ತ ತಂತ್ರಾಂಶಕ್ಕೆ ಹೊಣೆಗಾರರು ಯಾರು ಎಂಬ ಪ್ರಶ್ನೆಯನ್ನು ಕಚೇರಿಗಳಲ್ಲಿ ಎತ್ತುತ್ತಾರೆ. ದುಡ್ಡಿನ ಸಾಫ್ಟ್‌ವೇರಿನ ಒಪ್ಪಂದವನ್ನು ಕೊನೆಯ ತನಕ ಓದಿದವರಿಗೆ ಗೊತ್ತು, ಡೇಟಾ ನಷ್ಟವಾದರೆ ನಾವು ಜವಾಬ್ದಾರರಲ್ಲ ಎಂದು ಅಲ್ಲೂ ಬರೆದಿರುತ್ತದೆ. ಫೋನ್ ಎತ್ತುವವರೊಬ್ಬರು ಇರುತ್ತಾರೆ ಎಂಬ ಅನುಕೂಲ ನಿಜ, ಅದಕ್ಕೆ ಬೆಲೆಯೂ ಉಂಟು. ನನ್ನ ವಾದಕ್ಕೆ ನಿಜವಾಗಿ ತೊಡಕಾಗುವ ಉದಾಹರಣೆ ಬೇರೆಯೇ ಇದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಬೇರೊಂದು ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ತೆಗೆಯುತ್ತಿದ್ದದ್ದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಮುಕ್ತ ಸಾಧನ. ಆದರೆ ಸರ್ವರಿನಲ್ಲಿದ್ದದ್ದು ಅದರ 9.6 ಆವೃತ್ತಿ, ಬ್ಯಾಕಪ್ ತೆಗೆಯಲು ಓಡುತ್ತಿದ್ದದ್ದು 9.2; ಹೊಂದಾಣಿಕೆಯಾಗದೆ ಪ್ರತಿ ದಿನವೂ ಕೆಲಸ ಕೆಡುತ್ತಿತ್ತು. ಕೆಟ್ಟಿದೆ ಎಂದು ತಿಳಿಸುವ ಇಮೇಲುಗಳನ್ನು ಸ್ವೀಕರಿಸುವ ಸರ್ವರೇ ತಿರಸ್ಕರಿಸುತ್ತಿತ್ತು. ಬ್ಯಾಕಪ್ ಇರಬೇಕಾದ ಜಾಗ ತೆರೆದು ನೋಡಿದರೆ ಖಾಲಿ. ಯಾವುದೋ ಪರೀಕ್ಷೆಗೆಂದು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಪ್ರತಿಯೊಂದು ಅದೃಷ್ಟಕ್ಕೆ ಸಿಕ್ಕಿ ಕಂಪನಿ ಬಚಾವಾಯಿತು, ಆ ಆರು ಗಂಟೆಗಳ ಕೆಲಸ ಹೋಯಿತು. ಮುಕ್ತ ತಂತ್ರಾಂಶ ಪ್ರತಿಯನ್ನು ತೆರೆಯಲು ಬಿಡುತ್ತದೆ. ಪ್ರತಿ ಇದೆಯೇ ಎಂದು ನೋಡುವ ಕೆಲಸವನ್ನು ನಮ್ಮ ಬದಲಿಗೆ ಮಾಡುವುದಿಲ್ಲ. ಇಮೇಜ್ ತೆಗೆದ ಮೇಲೆ ಅದು ಮರಳಿ ಇಳಿಸಲು ಯೋಗ್ಯವೇ ಎಂದು ಪರೀಕ್ಷಿಸುವ ಆಯ್ಕೆ ಕ್ಲೋನ್‌ಝಿಲ್ಲಾದಲ್ಲಿದೆ, ಹೊತ್ತು ಹಿಡಿದರೂ ಬೇಡ ಎನ್ನಬಾರದು. ಅದಕ್ಕಿಂತ ಉತ್ತಮ, ಒಂದು ಹಳೆಯ ಡಿಸ್ಕಿಗೆ ನಿಜವಾಗಿಯೇ ಇಳಿಸಿ, ಅದರಿಂದ ಕಂಪ್ಯೂಟರ್ ಶುರುವಾಗುತ್ತದೆಯೇ ಎಂದು ನೋಡುವುದು. ಆಗ ಮೂಲ ಡಿಸ್ಕಿನ ಕೇಬಲ್ ಕಳಚಿಟ್ಟಿರಿ. ಒಂದೇ ಗುರುತಿನ ಎರಡು ಡಿಸ್ಕುಗಳನ್ನು ಒಟ್ಟಿಗೆ ಕಂಡರೆ ಕಂಪ್ಯೂಟರಿಗೂ ಗೊಂದಲವಾಗುತ್ತದೆ.

ನಮ್ಮ ಊರುಗಳಲ್ಲಿ ಸಿಸ್ಟಂ ನಿಧಾನವಾಯಿತು ಎಂದು ರಿಪೇರಿ ಅಂಗಡಿಗೆ ಒಯ್ದರೆ ಸಿಗುವ ಮದ್ದು ಬಹುತೇಕ ಒಂದೇ, ಫಾರ್ಮ್ಯಾಟ್. ಡೆಸ್ಕ್‌ಟಾಪಿನಲ್ಲಿದ್ದದ್ದನ್ನು ಡಿ ಡ್ರೈವಿಗೆ ಹಾಕಿದ್ದೇನೆ ಎಂಬ ಭರವಸೆಯೊಂದಿಗೆ ಕಂಪ್ಯೂಟರು ಮನೆಗೆ ಬರುತ್ತದೆ. ಡೆಸ್ಕ್‌ಟಾಪಿನಲ್ಲಿ ಇಲ್ಲದ ಟ್ಯಾಲಿ ಡೇಟಾ, ಫಾಂಟು, ಇಮೇಲಿನ ಹಳೆಯ ಪೆಟ್ಟಿಗೆಗಳ ನೆನಪಾಗುವುದು ಆಮೇಲೆ. ಮುಂದಿನ ಸಲ ಕಂಪ್ಯೂಟರನ್ನು ಕೊಡುವಾಗ ಜೊತೆಗೆ ಒಂದು ಎಕ್ಸ್‌ಟರ್ನಲ್ ಡಿಸ್ಕನ್ನೂ ಕೊಟ್ಟು, ‘ಫಾರ್ಮ್ಯಾಟ್ ಹೊಡೆಯುವ ಮುಂಚೆ ಕ್ಲೋನ್‌ಝಿಲ್ಲಾದಲ್ಲಿ ಒಂದು ಇಮೇಜ್ ತೆಗೆದುಕೊಡಿ’ ಎಂದು ಕೇಳಿ. ಅಂಗಡಿಯವರಿಗೆ ಅದು ಒಂದು ಪೆನ್‌ಡ್ರೈವು, ಅರ್ಧದಿಂದ ಒಂದು ಗಂಟೆಯ ಕೆಲಸ. ಅದಕ್ಕೆ ಅವರು ಕೇಳುವ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.